ಸ್ನಾಯುವನ್ನು ಹದದಲ್ಲಿಡುವ 22 ಅಕ್ಷರಗಳು

ಟೆಕ್ಸೆಲ್ ಅನ್ನೋದು ನೆದರ್‌ಲೆಂಡ್ಸ್ ಮೂಲದ ಒಂದು ಕುರಿ ತಳಿ. ಅಗಲ ಬೆನ್ನು, ತುಂಬಿದ ತೊಡೆ, ಕೊಬ್ಬು ಕಡಿಮೆ, ಮಾಂಸ ಜಾಸ್ತಿ. ಈ ಕುರಿಗೆ ಇಷ್ಟೊಂದು ಮಾಂಸಖಂಡ ಬಂದದ್ದು ಎಲ್ಲಿಂದ ಎಂದು ಹುಡುಕಲು ಹೊರಟವರಿಗೆ ಮೊದಲು ಅನುಮಾನ ಬಂದದ್ದು ಮಯೋಸ್ಟ್ಯಾಟಿನ್ ಮೇಲೆ. ಇದು ಸ್ನಾಯು ಮಿತಿಮೀರಿ ಬೆಳೆಯದಂತೆ ತಡೆಯುವ ಪ್ರೋಟೀನ್. ಬೆಲ್ಜಿಯನ್ ಬ್ಲೂ ತಳಿಯ ದನಗಳಲ್ಲಿ ಇದರ ಜೀನ್ ಕೆಟ್ಟಿರುತ್ತದೆ, ಅದಕ್ಕೇ ಅವುಗಳ ಮೈ ಹಾಗೆ ಉಬ್ಬಿಕೊಂಡಿರುತ್ತದೆ ಎಂಬುದು 1997ರಲ್ಲೇ ಗೊತ್ತಾಗಿತ್ತು. ಟೆಕ್ಸೆಲ್ ಕುರಿಯಲ್ಲೂ ಅದೇ ಆಗಿರಬೇಕು ಅಲ್ವಾ? ಆಗಿರಲಿಲ್ಲ. ಪ್ರೋಟೀನ್ ಹೇಗಿರಬೇಕು ಎಂದು ಹೇಳುವ ಭಾಗ ಪೂರ್ತಿ ಸರಿಯಾಗಿತ್ತು. ಆದರೂ ಕುರಿಯ ಮೈಯಲ್ಲಿ ಮಯೋಸ್ಟ್ಯಾಟಿನ್ ಕಡಿಮೆ ಇತ್ತು.

2006ರಲ್ಲಿ ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಮಿಷೆಲ್ ಜಾರ್ಜ್ ಅವರ ತಂಡ ಇದರ ಗುಟ್ಟು ಹೊರಗೆಡವಿತು. ವ್ಯತ್ಯಾಸ ಇದ್ದದ್ದು ಜೀನಿನ ಬಾಲದಲ್ಲಿ, ಅಂದರೆ ಪ್ರೋಟೀನಿನ ಸೂಚನೆ ಮುಗಿದ ಮೇಲೆ ಬರುವ ಭಾಗದಲ್ಲಿ. ಅಲ್ಲಿ ಡಿಎನ್‌ಎಯ 'ಜಿ' ಎಂಬ ಅಕ್ಷರ ಇರಬೇಕಾದ ಒಂದು ಕಡೆ 'ಎ' ಬಂದಿತ್ತು. ಅಷ್ಟೇ. ಆ ಒಂದಕ್ಷರದ ಬದಲಾವಣೆಯಿಂದ ಮಿರ್-1 ಮತ್ತು ಮಿರ್-206 ಎಂಬ ಎರಡು ಪುಟ್ಟ ಆರ್‌ಎನ್‌ಎಗಳು, ಅಂದರೆ ಮೈಕ್ರೋಆರ್‌ಎನ್‌ಎಗಳು, ಬಂದು ಕೂರಲು ಅಲ್ಲೊಂದು ಹೊಸ ಜಾಗ ಹುಟ್ಟಿಕೊಂಡಿತ್ತು. ಇವೆರಡೂ ಸ್ನಾಯುವಿನಲ್ಲಿ ಹೇರಳವಾಗಿರುತ್ತವೆ. ಬಂದು ಕೂತವು, ಮಯೋಸ್ಟ್ಯಾಟಿನ್ ತಯಾರಿಕೆಗೆ ಕಡಿವಾಣ ಬಿತ್ತು, ಮಾಂಸಖಂಡ ಬೆಳೆಯಿತು.

ಮೈಕ್ರೋಆರ್‌ಎನ್‌ಎ ಎಂದರೆ ಏನು, ಅದು ಸ್ನಾಯುವಿಗೆ ಏನು ಮಾಡುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಇಲ್ಲಿ ಯಾವ ಪ್ರೋಟೀನೂ ಕೆಟ್ಟಿಲ್ಲ. ಯಾವ ಜೀನೂ ಬಂದ್ ಆಗಿಲ್ಲ. ಪ್ರಮಾಣ ಮಾತ್ರ ಸ್ವಲ್ಪ ತಗ್ಗಿದೆ. ಅಷ್ಟಕ್ಕೇ ಒಂದು ಪ್ರಾಣಿಯ ಮೈಕಟ್ಟೇ ಬದಲಾಗಿದೆ.

ಇಷ್ಟು ಚಿಕ್ಕದು ಏನು ತಾನೇ ಮಾಡೀತು?

ನಮ್ಮ ಡಿಎನ್‌ಎಯಲ್ಲಿ ಇರುವ ಜೀನ್ ಮೊದಲು ಆರ್‌ಎನ್‌ಎ ಪ್ರತಿಯಾಗುತ್ತದೆ. ಈ ಪ್ರತಿಗೆ ಎಂಆರ್‌ಎನ್‌ಎ ಅಂತ ಹೆಸರು. ಅದನ್ನು ಓದಿ ಜೀವಕೋಶ ಪ್ರೋಟೀನ್ ಕಟ್ಟುತ್ತದೆ. ಪಾಠಪುಸ್ತಕದಲ್ಲಿ ಓದಿದ ಕತೆ ಇಷ್ಟು. ಆದರೆ ಪ್ರತಿ ತಯಾರಾದ ಮಾತ್ರಕ್ಕೆ ಅದೆಲ್ಲವೂ ಪ್ರೋಟೀನ್ ಆಗಲೇಬೇಕೆಂದಿಲ್ಲ. ನಡುವೆ ತಡೆಯುವವರಿದ್ದಾರೆ. ಅವರಲ್ಲಿ ಮುಖ್ಯವಾದವು ಮೈಕ್ರೋಆರ್‌ಎನ್‌ಎಗಳು. ಒಂದೊಂದರ ಉದ್ದ ಸುಮಾರು 22 ಅಕ್ಷರ. ಸಾಮಾನ್ಯವಾಗಿ ಎಂಆರ್‌ಎನ್‌ಎ ಸಾವಿರಾರು ಅಕ್ಷರ ಇರುತ್ತದೆ ಎಂದುಕೊಂಡರೆ ಇದು ಎಷ್ಟು ಪುಟ್ಟದು ಎಂದು ಗೊತ್ತಾಗುತ್ತದೆ. ಇದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಬೇರೆಯವರ ಪ್ರತಿಗಳ ಮೇಲೆ ಕೂತು ಅವುಗಳ ಓದು ನಿಲ್ಲಿಸುವುದು, ಇಲ್ಲವೇ ಆ ಪ್ರತಿಯನ್ನೇ ಬೇಗ ನಾಶ ಮಾಡಿಸುವುದು ಇದರ ಕೆಲಸ.

1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರ ತಂಡಗಳು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇಂಥ ಮೊದಲ ಆರ್‌ಎನ್‌ಎಯನ್ನು ಕಂಡವು. ಅದರ ಹೆಸರು ಲಿನ್-4. ಸುಮಾರು ವರ್ಷ ಇದು ಹುಳುವಿಗಷ್ಟೇ ಸೀಮಿತ ಎಂದೇ ಬಹಳ ಜನ ಅಂದುಕೊಂಡಿದ್ದರು. 2000ದಲ್ಲಿ ಲೆಟ್-7 ಎಂಬ ಎರಡನೆಯದು ಸಿಕ್ಕಿತು. ಅದು ಹುಳುವಿನಲ್ಲೂ ಇತ್ತು, ನೊಣದಲ್ಲೂ ಇತ್ತು, ಮನುಷ್ಯನಲ್ಲೂ ಇತ್ತು. ಆಮೇಲೆ ಈ ಕ್ಷೇತ್ರಕ್ಕೆ ಜನ ಮುಗಿಬಿದ್ದರು. ಆಂಬ್ರೋಸ್ ಮತ್ತು ರುವ್ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಬಂತು.

ಮೈಕ್ರೋಆರ್‌ಎನ್‌ಎ ಹುಟ್ಟುವುದು ದೊಡ್ಡದಾಗಿಯೇ. ಕೋಶಕೇಂದ್ರದಲ್ಲಿ ಉದ್ದನೆಯ ಆರ್‌ಎನ್‌ಎ ತಯಾರಾಗುತ್ತದೆ, ಅದು ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಡ್ರೋಷಾ ಎಂಬ ಕಿಣ್ವ ಆ ಮಡಿಕೆಯನ್ನು ಕತ್ತರಿಸಿ ತೆಗೆಯುತ್ತದೆ. ಸುಮಾರು 70 ಅಕ್ಷರದ ಆ ತುಂಡು ಕೋಶಕೇಂದ್ರದಿಂದ ಹೊರಗೆ ಬರುತ್ತದೆ. ಅಲ್ಲಿ ಡೈಸರ್ ಎಂಬ ಇನ್ನೊಂದು ಕಿಣ್ವ ಕಾದಿರುತ್ತದೆ. ಅದು ಮತ್ತೆ ಕತ್ತರಿಸಿ 22 ಅಕ್ಷರಕ್ಕೆ ಇಳಿಸುತ್ತದೆ. ಈ ಚಿಕ್ಕ ಎಳೆಯನ್ನು ಆರ್ಗೊನಾಟ್ ಎಂಬ ಪ್ರೋಟೀನ್ ಹಿಡಿದುಕೊಂಡು, ಎಂಆರ್‌ಎನ್‌ಎಗಳ ಬಾಲದಲ್ಲಿ ಹೊಂದುವ ಜಾಗ ಹುಡುಕುತ್ತ ಹೋಗುತ್ತದೆ.

ಹೊಂದುವುದು ಎಂದರೆ 22 ಅಕ್ಷರವೂ ಹೊಂದಬೇಕಿಲ್ಲ. ಎರಡನೇ ಅಕ್ಷರದಿಂದ ಎಂಟನೆಯದರವರೆಗಿನ ಭಾಗ ಹೊಂದಿದರೆ ಬಹಳ ಸಲ ಸಾಕು. ಇದಕ್ಕೆ ಸೀಡ್ ಎನ್ನುತ್ತಾರೆ. ಮಿರ್-1 ಶುರುವಾಗುವುದು ಹೀಗೆ: ಯು-ಜಿ-ಜಿ-ಎ-ಎ-ಯು-ಜಿ-ಯು. ಮಿರ್-206 ಕೂಡ ಶುರುವಾಗುವುದು ಹೀಗೆಯೇ. 22ರಲ್ಲಿ ನಾಲ್ಕು ಅಕ್ಷರ ಮಾತ್ರ ಬೇರೆ, ಆ ನಾಲ್ಕೂ ಸೀಡ್ ದಾಟಿದ ಮೇಲೆ ಬರುತ್ತವೆ. ಹಾಗಾಗಿ ಇವೆರಡೂ ಹೆಚ್ಚುಕಡಿಮೆ ಒಂದೇ ಗುರಿಗಳನ್ನು ಹಿಡಿಯುತ್ತವೆ. ಟೆಕ್ಸೆಲ್ ಕುರಿಯ ಜೀನ್ ಬಾಲದಲ್ಲಿ ಒಂದಕ್ಷರ ಬದಲಾದಾಗ ಹುಟ್ಟಿದ್ದು ಈ ಎಂಟಕ್ಷರಕ್ಕೆ ಸರಿಯಾಗಿ ಜೋಡಿಯಾಗುವ ತುಣುಕು.

ಸೀಡ್ ಇಷ್ಟು ಚಿಕ್ಕದಾಗಿರುವುದರಿಂದಲೇ ಒಂದೊಂದು ಮೈಕ್ರೋಆರ್‌ಎನ್‌ಎಗೆ ನೂರಾರು ಗುರಿಗಳು. ಮನುಷ್ಯರ ಪ್ರೋಟೀನ್ ಜೀನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಯಾವುದಾದರೂ ಮೈಕ್ರೋಆರ್‌ಎನ್‌ಎ ಹಿಡಿತದಲ್ಲಿವೆ. ಆದರೆ ಒಂದೊಂದು ಗುರಿಯ ಮೇಲೆ ಆಗುವ ಪರಿಣಾಮ ಸಾಮಾನ್ಯವಾಗಿ ಸಣ್ಣದು. ಪ್ರೋಟೀನ್ ಅರ್ಧಕ್ಕೆ ಇಳಿದರೆ ಅದೇ ದೊಡ್ಡದು, ಬಹಳಷ್ಟು ಸಲ ಅಷ್ಟೂ ಇಳಿಯುವುದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ. ಸುದ್ದಿಗಳಲ್ಲಿ ಮೈಕ್ರೋಆರ್‌ಎನ್‌ಎ ಎಂದರೆ ಜೀನನ್ನು ಆನ್-ಆಫ್ ಮಾಡುವ ಸ್ವಿಚ್ ಎಂಬಂತೆ ಬರೆಯುತ್ತಾರೆ. ಸ್ನಾಯುವಿನ ವಿಷಯದಲ್ಲಿ ಆ ಚಿತ್ರ ಇಟ್ಟುಕೊಂಡರೆ ಮುಂದೆ ಬರುವ ಅರ್ಧ ಸಂಗತಿ ಅರ್ಥವೇ ಆಗುವುದಿಲ್ಲ.

ಸ್ನಾಯು ಹುಟ್ಟುವಾಗ

ಭ್ರೂಣದಲ್ಲಿ ಸ್ನಾಯುವಿನ ಎಳೆಕೋಶಗಳಿಗೆ ಮಯೋಬ್ಲಾಸ್ಟ್ ಎಂದು ಹೆಸರು. ಇವು ಮೊದಲು ಒಡೆದು ಒಡೆದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಒಂದು ಹಂತದಲ್ಲಿ ಒಡೆಯುವುದನ್ನು ನಿಲ್ಲಿಸುತ್ತವೆ, ಸಾಲಾಗಿ ನಿಂತು ಒಂದರೊಳಗೊಂದು ಬೆಸೆದುಕೊಳ್ಳುತ್ತವೆ. ಹೀಗೆ ನೂರಾರು ಕೋಶಕೇಂದ್ರಗಳಿರುವ ಉದ್ದನೆಯ ಸ್ನಾಯು ನಾರು ತಯಾರಾಗುತ್ತದೆ. ಒಡೆಯುವುದನ್ನು ನಿಲ್ಲಿಸುವ ಹೊತ್ತು ಬಹಳ ಮುಖ್ಯ. ಬೇಗ ನಿಲ್ಲಿಸಿದರೆ ಸ್ನಾಯು ಚಿಕ್ಕದಾಗುತ್ತದೆ. ನಿಲ್ಲಿಸದೇ ಹೋದರೆ ಸ್ನಾಯುವೇ ಆಗುವುದಿಲ್ಲ.

ಈ ಇಡೀ ಕೆಲಸದ ಮುಂದಾಳು ಮಯೋಡಿ ಎಂಬ ಪ್ರೋಟೀನ್. 1987ರಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ಪ್ರಯೋಗಾಲಯ ಇದನ್ನು ಪತ್ತೆ ಮಾಡಿತು. ಚರ್ಮದ ಕೆಳಗಿನ ಸಾಮಾನ್ಯ ಕೋಶಕ್ಕೆ ಇದೊಂದನ್ನೇ ಸೇರಿಸಿದರೂ ಅದು ಸ್ನಾಯುಕೋಶವಾಗಿ ಬದಲಾಗುತ್ತಿತ್ತು. ಮುಂದೆ ಮೈಕ್ರೋಆರ್‌ಎನ್‌ಎಗಳ ಬಗ್ಗೆ ತಿಳಿದ ಮೇಲೆ ಒಂದು ಪ್ರಶ್ನೆ ಎದ್ದಿತು. ಇವಿಲ್ಲದೆ ಸ್ನಾಯು ಬೆಳೆಯುತ್ತದೆಯೇ? ಇಲಿಯ ಭ್ರೂಣದಲ್ಲಿ ಸ್ನಾಯುವಿನಲ್ಲಿ ಮಾತ್ರ ಡೈಸರ್ ಇಲ್ಲದಂತೆ ಮಾಡಿ ನೋಡಿದರು. ಡೈಸರ್ ಇಲ್ಲ ಎಂದರೆ ಹೆಚ್ಚುಕಡಿಮೆ ಯಾವ ಮೈಕ್ರೋಆರ್‌ಎನ್‌ಎಯೂ ಪೂರ್ತಿ ತಯಾರಾಗುವುದಿಲ್ಲ. ಆ ಮರಿಗಳಲ್ಲಿ ಸ್ನಾಯು ತೀರಾ ಕಡಿಮೆ ಇತ್ತು, ನಾರುಗಳ ಆಕಾರ ಕೆಟ್ಟಿತ್ತು. ಹುಟ್ಟುವ ಹೊತ್ತಿಗೆ ಸತ್ತವು. ಒಟ್ಟಾರೆಯಾಗಿ ಮೈಕ್ರೋಆರ್‌ಎನ್‌ಎ ಬೇಕೇ ಬೇಕು ಎಂಬುದು ಇಲ್ಲಿಗೆ ಖಚಿತವಾಯಿತು.

ಸ್ನಾಯುವಿನಲ್ಲಿ ವಿಶೇಷವಾಗಿ ಜಾಸ್ತಿ ಇರುವ ಕೆಲವಕ್ಕೆ ಮಯೋಮಿರ್ ಎಂಬ ಒಟ್ಟು ಹೆಸರಿದೆ. ಮಿರ್-1, ಮಿರ್-133, ಮಿರ್-206, ಮಿರ್-208, ಮಿರ್-499, ಮಿರ್-486 ಈ ಗುಂಪಿನವು. ಮಿರ್-206 ಕೈಕಾಲು, ಬೆನ್ನಿನ ಸ್ನಾಯುಗಳಲ್ಲಿ ಮಾತ್ರ ಹೇರಳ, ಹೃದಯದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮಿರ್-1 ಮತ್ತು 133 ಎರಡೂ ಕಡೆ ಇವೆ.

ಇವುಗಳಲ್ಲಿ ಮಿರ್-1 ಮತ್ತು ಮಿರ್-133 ಜೋಡಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಎರಡೂ ಡಿಎನ್‌ಎಯಲ್ಲಿ ಅಕ್ಕಪಕ್ಕ ಇವೆ. ಒಂದೇ ಉದ್ದನೆಯ ಆರ್‌ಎನ್‌ಎಯಿಂದ ಕತ್ತರಿಸಿ ಬರುತ್ತವೆ. ಒಂದು ಹುಟ್ಟಿದರೆ ಇನ್ನೊಂದೂ ಹುಟ್ಟಲೇಬೇಕು. ಆದರೆ 2006ರಲ್ಲಿ ಇಲಿಯ ಸ್ನಾಯುಕೋಶಗಳಲ್ಲಿ ಪರೀಕ್ಷಿಸಿದಾಗ ಇವು ಮಾಡುವ ಕೆಲಸ ತದ್ವಿರುದ್ಧ ಎಂದು ಕಂಡಿತು. ಮಿರ್-1 ಹೆಚ್ಚಿಸಿದರೆ ಕೋಶಗಳು ಒಡೆಯುವುದು ನಿಲ್ಲಿಸಿ ಬಲಿಯುತ್ತವೆ. ಮಿರ್-133 ಹೆಚ್ಚಿಸಿದರೆ ಬಲಿಯುವುದು ಬಿಟ್ಟು ಒಡೆಯುತ್ತಲೇ ಇರುತ್ತವೆ.

ಮಿರ್-1 ಇದನ್ನು ಮಾಡುವ ದಾರಿ ನೋಡಿ. ಸ್ನಾಯು ಬಲಿಯಲು ಬೇಕಾದ ಜೀನ್‌ಗಳನ್ನು ಎಬ್ಬಿಸುವುದು ಮೆಫ್2 ಎಂಬ ಪ್ರೋಟೀನ್. ಅದನ್ನು ಹಿಡಿದು ಸುಮ್ನೆ ಕೂರಿಸುವುದು ಎಚ್‌ಡ್ಯಾಕ್4. ಮಿರ್-1 ಹೋಗಿ ಈ ಎಚ್‌ಡ್ಯಾಕ್4ನ ತಯಾರಿಕೆಯನ್ನೇ ತಗ್ಗಿಸುತ್ತದೆ. ಮೆಫ್2 ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಮೆಫ್2 ಏನು ಮಾಡುತ್ತದೆ? ಇನ್ನಷ್ಟು ಮಿರ್-1 ತಯಾರಿಸಲು ಹೇಳುತ್ತದೆ. ಹೀಗೆ ಸುತ್ತು ತಿರುಗಿದಷ್ಟೂ ಬಲಿಯುವ ನಿರ್ಧಾರ ಗಟ್ಟಿಯಾಗುತ್ತದೆ, ಕೋಶ ಹಿಂದಕ್ಕೆ ಹೋಗುವುದು ಕಷ್ಟವಾಗುತ್ತದೆ. ಮಿರ್-133ದು ಇದಕ್ಕೆ ಉಲ್ಟಾ. ಅದನ್ನು ಹುಟ್ಟಿಸುವವರಲ್ಲಿ ಎಸ್‌ಆರ್‌ಎಫ್ ಎಂಬ ಪ್ರೋಟೀನ್ ಒಂದು. ಮಿರ್-133 ಅದೇ ಎಸ್‌ಆರ್‌ಎಫ್ ಅನ್ನು ತಗ್ಗಿಸುತ್ತದೆ. ಅಂದರೆ ತನ್ನನ್ನು ಹುಟ್ಟಿಸಿದವನಿಗೇ ಮಿತಿ ಹಾಕುತ್ತದೆ. ಒಂದು ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಅವಸರ ಬೇಡ ಎನ್ನುತ್ತದೆ, ಎರಡೂ ಒಂದೇ ಜಾಗದಿಂದ ಬರುತ್ತವೆ. ಮೊದಲ ಸಲ ಓದಿದಾಗ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಬೆಳೆಯುತ್ತಿರುವ ಅಂಗಕ್ಕೆ ಬೇಕಾದದ್ದು ವೇಗವಲ್ಲ, ಹದ.

ಮಿರ್-206 ಇದೇ ಹೊತ್ತಿಗೆ ಬೇರೆ ಬಾಗಿಲು ಮುಚ್ಚುತ್ತಿರುತ್ತದೆ. ಮಯೋಡಿ ಇದನ್ನು ನೇರವಾಗಿ ಎಬ್ಬಿಸುತ್ತದೆ. ಎದ್ದ ಮಿರ್-206 ಡಿಎನ್‌ಎ ನಕಲು ಮಾಡುವ ಕಿಣ್ವದ ಒಂದು ಭಾಗವನ್ನು ತಗ್ಗಿಸುತ್ತದೆ. ಡಿಎನ್‌ಎ ನಕಲಾಗದೆ ಕೋಶ ಒಡೆಯಲಾರದು. ಎಳೆತನವನ್ನು ಉಳಿಸುವ ಪ್ಯಾಕ್ಸ್7 ಎಂಬ ಪ್ರೋಟೀನನ್ನೂ ಮಿರ್-1 ಜೊತೆ ಸೇರಿ ಇಳಿಸುತ್ತದೆ. ಮಯೋಡಿ ಸ್ನಾಯುವಿನ ಜೀನ್‌ಗಳನ್ನು ಎಬ್ಬಿಸುವವನು, ಬೇರೆಯವನ್ನು ಕೆಡವಲು ಅದಕ್ಕೆ ಸ್ವಂತ ಕೈಯಿಲ್ಲ. ಆ ಕೆಲಸವನ್ನು ಮಿರ್-206 ಮೂಲಕ ಮಾಡಿಸುತ್ತದೆ.

ಗಾಯಕ್ಕಾಗಿ ಕಾದು ಕೂತ ಕೋಶಗಳು

ದೊಡ್ಡವರ ಸ್ನಾಯುವಿನಲ್ಲಿ ನಾರುಗಳ ಅಂಚಿಗೆ ಅಂಟಿಕೊಂಡ ಪುಟ್ಟ ಕೋಶಗಳಿರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವನ್ನು ಕಂಡು ಸ್ಯಾಟಲೈಟ್ ಕೋಶ ಎಂದು ಕರೆದರು. ಇವು ಸ್ನಾಯುವಿನ ಕಾಂಡಕೋಶಗಳು. ಗಾಯ ಆದಾಗ ಎದ್ದು, ಒಡೆದು, ಹೊಸ ನಾರು ಕಟ್ಟುತ್ತವೆ. ಉಳಿದ ಹೊತ್ತು ನಿದ್ದೆ.

ಈ ನಿದ್ದೆ ಸುಮ್ನೆ ಏನೂ ಮಾಡದೆ ಇರುವುದಲ್ಲ, ಅದನ್ನು ಕಾಪಾಡಿಕೊಳ್ಳಬೇಕಾಗುತ್ತದೆ. 2012ರಲ್ಲಿ ಬೆಳೆದ ಇಲಿಗಳ ಸ್ಯಾಟಲೈಟ್ ಕೋಶಗಳಲ್ಲಿ ಮಾತ್ರ ಡೈಸರ್ ತೆಗೆದು ನೋಡಿದರು. ಯಾವ ಗಾಯವೂ ಇಲ್ಲದೆ ಕೋಶಗಳು ತಾವಾಗಿಯೇ ಎದ್ದು ಒಡೆಯಲು ಶುರು ಮಾಡಿದವು, ಆಮೇಲೆ ಬಹಳಷ್ಟು ಸತ್ತುಹೋದವು. ನಿದ್ದೆಯನ್ನು ಹಿಡಿದಿಟ್ಟವುಗಳಲ್ಲಿ ಒಂದು ಮಿರ್-489 ಎಂದು ಅದೇ ಅಧ್ಯಯನದಲ್ಲಿ ತಿಳಿಯಿತು. ಅದು ಡೆಕ್ ಎಂಬ ಪ್ರೋಟೀನನ್ನು ಅದುಮಿ ಇಡುತ್ತದೆ. ಡೆಕ್ ಏರಿದರೆ ಕೋಶ ಏಳುತ್ತದೆ.

ಇನ್ನೊಂದು ಏರ್ಪಾಡು ನನಗೆ ಬಹಳ ಇಷ್ಟ. ಸ್ಯಾಟಲೈಟ್ ಕೋಶ ಎದ್ದ ತಕ್ಷಣ ಬೇಕಾಗುವ ಪ್ರೋಟೀನ್ ಮಿಫ್5. ಅದರ ಎಂಆರ್‌ಎನ್‌ಎ ಮಲಗಿರುವ ಕೋಶದಲ್ಲೂ ಆಗಲೇ ತಯಾರಾಗಿ ಇರುತ್ತದೆ. ಆದರೆ ಮಿರ್-31 ಅದರ ಮೇಲೆ ಕೂತು, ಕೋಶದೊಳಗಿನ ಸಣ್ಣ ಕಣಗಳಲ್ಲಿ ಅದನ್ನು ಕೂಡಿ ಹಾಕಿರುತ್ತದೆ. ಗಾಯವಾದ ಕೂಡಲೇ ಆ ಕಣಗಳು ಬಿಚ್ಚಿಕೊಳ್ಳುತ್ತವೆ. ಜೀನ್ ಎಬ್ಬಿಸಿ, ಪ್ರತಿ ಮಾಡಿ, ಆಮೇಲೆ ಪ್ರೋಟೀನ್ ಕಟ್ಟುವಷ್ಟು ಕಾಯಬೇಕಿಲ್ಲ. ಕೂಡಿ ಹಾಕಿದ್ದನ್ನು ಬಿಟ್ಟರಾಯಿತು. ಇಲ್ಲಿ ಮೈಕ್ರೋಆರ್‌ಎನ್‌ಎ ನಾಶ ಮಾಡುವವನಲ್ಲ, ದಾಸ್ತಾನು ಕಾಯುವವನು.

ನಾರುಗಳ ಗುಣದಲ್ಲೂ ಇವುಗಳ ಕೈ ಇದೆ. ನಿಧಾನಕ್ಕೆ ದಣಿಯುವ ನಾರು, ಬೇಗ ಎಳೆದು ಬೇಗ ದಣಿಯುವ ನಾರು ಎಂದು ಎರಡು ಬಗೆ ಉಂಟಲ್ಲ. ಮಯೋಸಿನ್ ಎಂಬುದು ನಾರು ಎಳೆಯುವಂತೆ ಮಾಡುವ ಪ್ರೋಟೀನ್. ನಿಧಾನ ನಾರಿನ ಮಯೋಸಿನ್ ಜೀನ್‌ಗಳ ಹೊಟ್ಟೆಯೊಳಗೇ ಮಿರ್-208ಬಿ ಮತ್ತು ಮಿರ್-499 ಅಡಗಿವೆ. ಮಯೋಸಿನ್ ಪ್ರತಿಯಾದಾಗ ಇವೂ ಹೊರಬರುತ್ತವೆ. ಬಂದು, ನಿಧಾನ ನಾರಿನ ಜೀನ್‌ಗಳನ್ನು ತಡೆಯುವ ಸಾಕ್ಸ್6 ಮುಂತಾದ ಪ್ರೋಟೀನ್‌ಗಳನ್ನು ಇಳಿಸುತ್ತವೆ. ಮಿರ್-499 ಹೆಚ್ಚಾಗಿ ಇರುವಂತೆ ಮಾಡಿದ ಇಲಿಗಳ ಸ್ನಾಯುವಿನಲ್ಲಿ ನಿಧಾನ ನಾರುಗಳು ಹೆಚ್ಚಾದವು, ಅವು ಟ್ರೆಡ್‌ಮಿಲ್ ಮೇಲೆ ಜಾಸ್ತಿ ಹೊತ್ತು ಓಡಿದವು.

ಇಲ್ಲದಿದ್ದರೂ ನಡೆಯುತ್ತದೆ, ಕಷ್ಟ ಬರುವವರೆಗೆ

ಇಷ್ಟೆಲ್ಲ ಓದಿದ ಮೇಲೆ ಮಿರ್-206 ತೆಗೆದುಹಾಕಿದರೆ ಇಲಿಯ ಸ್ನಾಯು ಹದಗೆಡಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಎರಿಕ್ ಓಲ್ಸನ್ ಅವರ ತಂಡ ಅಂಥ ಇಲಿಗಳನ್ನು ತಯಾರಿಸಿತು. ಅವು ಆರಾಮವಾಗಿದ್ದವು. ಸ್ನಾಯು ಸರಿಯಾಗಿತ್ತು, ನರಗಳು ಸ್ನಾಯುವಿಗೆ ಸೇರುವ ಜಾಗಗಳೂ ಸರಿಯಾಗಿದ್ದವು. ಮಿರ್-1 ಇದ್ದೇ ಇದೆಯಲ್ಲ, ಅದರ ಸೀಡ್ ಕೂಡ ಅದೇ ಎಂಬುದು ಒಂದು ಕಾರಣ ಇರಬಹುದು.

ಆಮೇಲೆ ಅವರು ಆ ಇಲಿಗಳ ಕಾಲಿನ ನರ ಕತ್ತರಿಸಿ, ಅದು ಮತ್ತೆ ಬೆಳೆದು ಸ್ನಾಯುವನ್ನು ಸೇರಲು ಎಷ್ಟು ಹೊತ್ತು ಬೇಕು ಎಂದು ನೋಡಿದರು. ಈಗ ವ್ಯತ್ಯಾಸ ಕಂಡಿತು. ಮಿರ್-206 ಇಲ್ಲದ ಇಲಿಗಳಲ್ಲಿ ಮರುಜೋಡಣೆ ಬಹಳ ತಡವಾಯಿತು. ಮುಂದಿನ ಪರೀಕ್ಷೆ ಎಎಲ್‌ಎಸ್ ಕಾಯಿಲೆಯ ಇಲಿಗಳಲ್ಲಿ. ಈ ಕಾಯಿಲೆಯಲ್ಲಿ ಸ್ನಾಯುವಿಗೆ ಹೋಗುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಉಳಿದ ನರಗಳು ಕವಲೊಡೆದು, ಅನಾಥವಾದ ನಾರುಗಳನ್ನು ಸೇರಲು ನೋಡುತ್ತವೆ. ಕಾಯಿಲೆಯ ಸ್ನಾಯುವಿನಲ್ಲಿ ಮಿರ್-206 ಬಹಳ ಏರಿತ್ತು. ಅದನ್ನು ತೆಗೆದ ಇಲಿಗಳಲ್ಲೂ ಕಾಯಿಲೆ ಶುರುವಾದದ್ದು ಅದೇ ವಯಸ್ಸಿಗೆ. ಆದರೆ ಶುರುವಾದ ಮೇಲೆ ವೇಗವಾಗಿ ಹೆಚ್ಚಿತು, ಇಲಿಗಳು ಬೇಗ ಸತ್ತವು. ಇದು 2009ರಲ್ಲಿ ಪ್ರಕಟವಾಯಿತು. ಇಲ್ಲೂ ಮುಖ್ಯ ಗುರಿ ಎಚ್‌ಡ್ಯಾಕ್4. ಅದನ್ನು ಮಿರ್-206 ತಗ್ಗಿಸಿದಾಗ, ನರವನ್ನು ಕರೆಯುವ ಸಂಕೇತಗಳನ್ನು ಸ್ನಾಯು ಹೊರಗೆ ಬಿಡುತ್ತದೆ.

ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ತಿರುಳು ಇದೇ ಪ್ರಯೋಗ. ಆರೋಗ್ಯವಂತ ಪ್ರಾಣಿಯಲ್ಲಿ ಒಂದು ಮೈಕ್ರೋಆರ್‌ಎನ್‌ಎ ತೆಗೆದು ಏನೂ ಆಗಲಿಲ್ಲ ಎಂದರೆ ಅದು ದಂಡ ಎಂದಲ್ಲ. ಕಷ್ಟ ಕೊಟ್ಟು ನೋಡಿದಾಗಲೇ ಅದರ ಬೆಲೆ ಗೊತ್ತಾಗುವುದು. ಎಲ್ಲದರಲ್ಲೂ ಹೀಗೇ ಎಂದಲ್ಲ. ಮಿರ್-133ಎಯ ಎರಡೂ ಜೀನ್ ತೆಗೆದ ಇಲಿಗಳಿಗೆ, ಯಾರೂ ಕಷ್ಟ ಕೊಡದಿದ್ದರೂ, ಬೆಳೆಯುತ್ತ ಸ್ನಾಯುರೋಗ ಬಂತು. ನಾರಿನ ಅಂಚಿನಲ್ಲಿ ಇರಬೇಕಾದ ಕೋಶಕೇಂದ್ರಗಳು ನಡುವಿಗೆ ಬಂದಿದ್ದವು. ಡೈನಮಿನ್-2 ಎಂಬ ಪ್ರೋಟೀನ್ ಅತಿಯಾದದ್ದು ಅದಕ್ಕೆ ಕಾರಣ. ಅದೇ ಪ್ರೋಟೀನಿನ ಜೀನ್ ದೋಷದಿಂದ ಮನುಷ್ಯರಲ್ಲೂ ಇಂಥದ್ದೇ ರೋಗ ಬರುತ್ತದೆ.

ಡುಶೆನ್: ಒಂದು ರೋಗ, ಹಲವು ಎಳೆ

ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಹೆಚ್ಚಾಗಿ ಗಂಡುಮಕ್ಕಳಿಗೆ ಬರುವ ಕಾಯಿಲೆ. ಸ್ನಾಯು ನಾರಿನ ಪೊರೆಗೆ ಆಸರೆಯಾಗಿರುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇವರಲ್ಲಿ ಇರುವುದಿಲ್ಲ. ಪ್ರತಿ ಸಲ ಸ್ನಾಯು ಎಳೆದಾಗಲೂ ಪೊರೆ ಹರಿಯುತ್ತದೆ. ಸ್ಯಾಟಲೈಟ್ ಕೋಶಗಳು ದುರಸ್ತಿ ಮಾಡುತ್ತಲೇ ಇರುತ್ತವೆ, ಒಂದು ಹಂತದಲ್ಲಿ ಸೋಲುತ್ತವೆ. ಸ್ನಾಯು ಇದ್ದ ಜಾಗದಲ್ಲಿ ಕೊಬ್ಬು ಮತ್ತು ಗಟ್ಟಿ ನಾರಿನಂಶ ತುಂಬುತ್ತದೆ. ಮೂಲ ತಪ್ಪು ಡಿಸ್ಟ್ರೋಫಿನ್ ಜೀನಿನದು, ಮೈಕ್ರೋಆರ್‌ಎನ್‌ಎದ್ದಲ್ಲ. ಆದರೆ ಆ ಒಂದು ತಪ್ಪಿನಿಂದ ಹಲವು ಮೈಕ್ರೋಆರ್‌ಎನ್‌ಎಗಳ ಮಟ್ಟ ಏರುಪೇರಾಗುತ್ತದೆ. ರೋಗ ಯಾವ ದಿಕ್ಕಿಗೆ ಹೋಗುತ್ತದೆ ಎಂಬುದರಲ್ಲಿ ಅವುಗಳ ಪಾಲೂ ಇದೆ.

ಒಂದು ಎಳೆಯನ್ನು ಹಿಡಿದು ನೋಡೋಣ. ಡಿಸ್ಟ್ರೋಫಿನ್ ಇದ್ದಾಗ ಪೊರೆಯ ಬಳಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಅದಕ್ಕೆ ಅಂಟಿಕೊಂಡಿರುತ್ತದೆ. ಡಿಸ್ಟ್ರೋಫಿನ್ ಇಲ್ಲದಿದ್ದರೆ ಆ ಕಿಣ್ವಕ್ಕೆ ನೆಲೆಯಿಲ್ಲ, ನೈಟ್ರಿಕ್ ಆಕ್ಸೈಡ್ ಇಳಿಯುತ್ತದೆ. ಎಚ್‌ಡ್ಯಾಕ್2 ಎಂಬ ಪ್ರೋಟೀನನ್ನು ಡಿಎನ್‌ಎಯಿಂದ ಬಿಡಿಸುತ್ತಿದ್ದದ್ದು ಇದೇ ನೈಟ್ರಿಕ್ ಆಕ್ಸೈಡ್. ಈಗ ಎಚ್‌ಡ್ಯಾಕ್2 ಕದಲದೆ ಕೂರುತ್ತದೆ, ಮಿರ್-1 ಮತ್ತು ಮಿರ್-29 ತಯಾರಿಕೆಗೆ ಅಡ್ಡಿಯಾಗುತ್ತದೆ. ಮಿರ್-29ರ ಕೆಲಸಗಳಲ್ಲಿ ಒಂದು, ಆ ಗಟ್ಟಿ ನಾರಿನಂಶದ ಮುಖ್ಯ ಪ್ರೋಟೀನಾದ ಕೊಲಾಜನ್ ತಯಾರಿಕೆಗೆ ಮಿತಿ ಹಾಕುವುದು. ಅದು ಇಳಿದರೆ ಕೊಲಾಜನ್ ಏರುತ್ತದೆ, ಸ್ನಾಯು ಗಡುಸಾಗುತ್ತದೆ. ಪೊರೆಯಲ್ಲಿ ಒಂದು ಪ್ರೋಟೀನ್ ಇಲ್ಲದ್ದಕ್ಕೂ ಸ್ನಾಯು ಗಡುಸಾಗುವುದಕ್ಕೂ ನಡುವೆ ಎಷ್ಟು ಮೆಟ್ಟಿಲುಗಳಿವೆ ನೋಡಿ. ಎಚ್‌ಡ್ಯಾಕ್‌ಗಳನ್ನು ತಡೆಯುವ ಗಿವಿನೊಸ್ಟಾಟ್ ಎಂಬ ಔಷಧಿಗೆ 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಡುಶೆನ್ ರೋಗಕ್ಕಾಗಿ ಒಪ್ಪಿಗೆ ಸಿಕ್ಕಿತು. ಅದು ಎಷ್ಟೋ ಜೀನ್‌ಗಳ ಮೇಲೆ ಒಟ್ಟಿಗೆ ಕೆಲಸ ಮಾಡುತ್ತದೆ, ಮೈಕ್ರೋಆರ್‌ಎನ್‌ಎ ಔಷಧಿ ಎಂದು ಕರೆಯುವಂತಿಲ್ಲ. ಆದರೂ ಈ ಎಳೆ ಗೊತ್ತಿದ್ದರೆ ಆ ಚಿಕಿತ್ಸೆಯ ತರ್ಕ ತಿಳಿಯುವುದು ಸುಲಭ.

ಮಿರ್-31ರದು ಬೇರೆ ಕತೆ. ಮಿಫ್5 ಕಾಯುತ್ತದೆ ಎಂದು ಮೇಲೆ ಹೇಳಿದ್ದೆನಲ್ಲ, ಅದೇ. ಡುಶೆನ್ ಸ್ನಾಯುವಿನಲ್ಲಿ ಇದು ಏರುತ್ತದೆ, ಮತ್ತು ಡಿಸ್ಟ್ರೋಫಿನ್ ಎಂಆರ್‌ಎನ್‌ಎ ಕೂಡ ಇದರ ಗುರಿ. ಎಕ್ಸಾನ್ ಸ್ಕಿಪ್ಪಿಂಗ್ ಎಂಬ ಚಿಕಿತ್ಸೆಯಲ್ಲಿ ಜೀನಿನ ಕೆಟ್ಟ ಭಾಗ ದಾಟಿಸಿ, ತುಸು ಚಿಕ್ಕದಾದರೂ ಕೆಲಸ ಮಾಡುವ ಡಿಸ್ಟ್ರೋಫಿನ್ ಕಟ್ಟಿಸಲು ನೋಡುತ್ತಾರೆ. ಕಷ್ಟಪಟ್ಟು ಸರಿಮಾಡಿದ ಆ ಪ್ರತಿಯನ್ನು ಮಿರ್-31 ಅದುಮುತ್ತದೆ. ರೋಗಿಗಳ ಕೋಶಗಳಲ್ಲಿ ಮಿರ್-31 ತಡೆದಾಗ ಡಿಸ್ಟ್ರೋಫಿನ್ ಹೆಚ್ಚಾಯಿತು.

ಇನ್ನು ಮಿರ್-206. ಇದು ಒಳ್ಳೆಯದೋ ಕೆಟ್ಟದ್ದೋ? ಡುಶೆನ್ ಮಾದರಿಯ ಇಲಿಗಳಲ್ಲಿ ಇದನ್ನು ತೆಗೆದರೆ ರೋಗ ಉಲ್ಬಣಿಸುತ್ತದೆ, ಏಕೆಂದರೆ ದುರಸ್ತಿಗೆ ಇದು ಬೇಕು. ಆದರೆ ಇದೇ ಮಿರ್-206 ಯುಟ್ರೋಫಿನ್ ಅನ್ನೂ ಇಳಿಸುತ್ತದೆ. ಯುಟ್ರೋಫಿನ್ ಡಿಸ್ಟ್ರೋಫಿನ್‌ನ ಹತ್ತಿರದ ಸಂಬಂಧಿ, ಅದು ಹೆಚ್ಚಾದರೆ ಡಿಸ್ಟ್ರೋಫಿನ್ ಇಲ್ಲದ ಕೊರತೆಯನ್ನು ಒಂದಷ್ಟು ತುಂಬಬಲ್ಲದು. ಹಾಗಾದರೆ ಮಿರ್-206 ಹೆಚ್ಚಿಸಬೇಕೋ ತಗ್ಗಿಸಬೇಕೋ? ಒಂದೇ ಉತ್ತರ ಇಲ್ಲ. ಯಾವ ಕೋಶದಲ್ಲಿ, ರೋಗದ ಯಾವ ಹಂತದಲ್ಲಿ, ಯಾವ ಗುರಿಯ ಮೇಲೆ ಎಂದು ಕೇಳಬೇಕಾಗುತ್ತದೆ. "ಈ ಮೈಕ್ರೋಆರ್‌ಎನ್‌ಎ ಸ್ನಾಯುರೋಗಕ್ಕೆ ರಾಮಬಾಣ" ಎಂಬ ತಲೆಬರಹ ಕಂಡರೆ ನಾನು ಮೊದಲು ಹುಡುಕುವುದು ಈ ಮೂರು ಪ್ರಶ್ನೆಗಳಿಗೆ ಒಳಗೆ ಉತ್ತರ ಇದೆಯೇ ಎಂದು.

ಬೇರೆ ರೋಗಗಳಲ್ಲೂ ಇವುಗಳ ಹೆಜ್ಜೆಗುರುತು ಸಿಗುತ್ತದೆ. ರ್‍ಯಾಬ್ಡೋಮಯೋಸಾರ್ಕೋಮಾ ಎಂಬ, ಮಕ್ಕಳಲ್ಲಿ ಹೆಚ್ಚು ಕಾಣುವ ಕ್ಯಾನ್ಸರಿನ ಕೋಶಗಳು ಸ್ನಾಯುವಾಗಲು ಹೊರಟು ಅರ್ಧದಲ್ಲೇ ನಿಂತಂಥವು. ಅವುಗಳಲ್ಲಿ ಮಿರ್-206 ತೀರಾ ಕಡಿಮೆ. ಪ್ರಯೋಗಾಲಯದಲ್ಲಿ ಅದನ್ನು ಮತ್ತೆ ಕೊಟ್ಟಾಗ ಕೋಶಗಳು ಒಡೆಯುವುದು ಬಿಟ್ಟು ಸ್ನಾಯುವಿನ ದಾರಿ ಹಿಡಿದವು. ಕ್ಯಾನ್ಸರ್ ರೋಗಿಗಳ ಸ್ನಾಯು ಕರಗುವುದರಲ್ಲಿ, ಗಡ್ಡೆಯಿಂದ ಪುಟ್ಟ ಗುಳ್ಳೆಗಳಲ್ಲಿ ಹೊರಬರುವ ಮಿರ್-21ರ ಪಾತ್ರವೂ ಇರಬಹುದು ಎಂದು ಇಲಿಯ ಕೋಶಗಳ ಪ್ರಯೋಗಗಳು ತೋರಿಸಿವೆ. ಹಾಸಿಗೆ ಹಿಡಿದಾಗ, ನರ ಕಡಿದಾಗ ಸ್ನಾಯು ಸೊರಗುವುದರಲ್ಲಿ ಮಿರ್-29ಬಿ ಏರುವುದೂ ಕಂಡಿದೆ. ಡುಶೆನ್‌ನಲ್ಲಿ ಮಿರ್-29 ಕಡಿಮೆಯಾದದ್ದು ತೊಂದರೆ, ಇಲ್ಲಿ ಜಾಸ್ತಿಯಾದದ್ದು ತೊಂದರೆ.

ರಕ್ತದಲ್ಲಿ ಕಾಣುವ ಗುರುತು

ಪೊರೆ ಹರಿದಾಗ ಒಳಗಿನ ವಸ್ತು ಹೊರಗೆ ಬರುತ್ತದೆ. ಹಾಗಾಗಿ ಡುಶೆನ್ ರೋಗಿಗಳ ರಕ್ತದಲ್ಲಿ ಮಿರ್-1, ಮಿರ್-133, ಮಿರ್-206 ಜಾಸ್ತಿ ಸಿಗುತ್ತವೆ. ಈಗ ವೈದ್ಯರು ನೋಡುವ ಸಿಕೆ ಎಂಬ ಕಿಣ್ವ ಸ್ವಲ್ಪ ಓಡಾಡಿದರೂ ಏರುಪೇರಾಗುತ್ತದೆ. ಅದಕ್ಕಿಂತ ಇವು ಒಳ್ಳೆಯ ಗುರುತಾಗಬಹುದೇ ಎಂಬುದು ಆಸೆ. ಒಂದು ಮಟ್ಟಿಗೆ ಆಗಬಹುದು. ಆದರೆ ಎಚ್ಚರವೂ ಬೇಕು. ಮ್ಯಾರಥಾನ್ ಓಡಿದ ಆರೋಗ್ಯವಂತರ ರಕ್ತದಲ್ಲೂ ಮಯೋಮಿರ್‌ಗಳು ಏರುತ್ತವೆ, ಆಮೇಲೆ ಇಳಿಯುತ್ತವೆ. ಇನ್ನೊಂದು, ಮಿರ್-486 ಸ್ನಾಯುವಿನದು ಎಂದು ಹೆಸರಾದರೂ ಕೆಂಪು ರಕ್ತಕಣಗಳಲ್ಲಿ ರಾಶಿಗಟ್ಟಲೆ ಇರುತ್ತದೆ. ರಕ್ತ ತೆಗೆಯುವಾಗ ನಾಲ್ಕು ಕಣ ಒಡೆದರೂ ಲೆಕ್ಕ ತಪ್ಪುತ್ತದೆ.

ಹೊರಗೆ ಬಂದದ್ದೆಲ್ಲ ಸೋರಿಕೆಯಲ್ಲ. ಇಲಿಯ ಸ್ನಾಯುವಿನ ಮೇಲೆ ಭಾರ ಹೆಚ್ಚಿಸಿದಾಗ ಅದು ಮಿರ್-1 ಅನ್ನು ಪುಟ್ಟ ಗುಳ್ಳೆಗಳಲ್ಲಿ ತುಂಬಿ ಹೊರಗೆ ಬಿಡುತ್ತದೆ, ಆ ಗುಳ್ಳೆಗಳು ಕೊಬ್ಬಿನ ಅಂಗಾಂಶ ಸೇರಿ ಕೊಬ್ಬು ಕರಗಲು ನೆರವಾಗುತ್ತವೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೆಳೆಯಬೇಕಾದ ಸ್ನಾಯುವಿಗೆ ಮಿರ್-1 ಕಡಿಮೆಯಾಗಬೇಕಿತ್ತು. ಹೊರಗೆ ಹಾಕಿದ ಅದೇ ಮಿರ್-1 ಇನ್ನೊಂದು ಅಂಗಕ್ಕೆ ಸುದ್ದಿಯಾಯಿತು.

ಔಷಧಿಯಾಗುವ ದಾರಿ

ಎರಡು ದಾರಿಗಳಿವೆ. ಕಡಿಮೆಯಾದ ಮೈಕ್ರೋಆರ್‌ಎನ್‌ಎಯ ನಕಲನ್ನು ಹೊರಗಿನಿಂದ ಕೊಡುವುದು ಒಂದು. ಜಾಸ್ತಿಯಾದದ್ದಕ್ಕೆ ಜೋಡಿಯಾಗುವ ಎಳೆಯೊಂದನ್ನು ಕೊಟ್ಟು ಅದನ್ನು ಕಟ್ಟಿಹಾಕುವುದು ಇನ್ನೊಂದು. ಮೊದಲನೆಯದರ ಕಷ್ಟ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಗೊತ್ತಾಗಿದೆ. ಮಿರ್-34ರ ನಕಲನ್ನು ಕೊಡುತ್ತಿದ್ದ ಪರೀಕ್ಷೆಯನ್ನು ರೋಗಿಗಳಲ್ಲಿ ರೋಗನಿರೋಧಕ ವ್ಯವಸ್ಥೆಯ ಗಂಭೀರ ಪ್ರತಿಕ್ರಿಯೆ ಕಂಡದ್ದರಿಂದ 2016ರಲ್ಲಿ ನಿಲ್ಲಿಸಬೇಕಾಯಿತು. ಸ್ನಾಯುವಿಗೆ ಇನ್ನೊಂದು ತೊಡಕಿದೆ. ಮೈ ತೂಕದ ಸುಮಾರು ಶೇ 40ರಷ್ಟು ಸ್ನಾಯುವೇ. ರಕ್ತಕ್ಕೆ ಕೊಟ್ಟ ಇಂಥ ಎಳೆಗಳು ಬಹುಪಾಲು ಯಕೃತ್ತು, ಮೂತ್ರಪಿಂಡಗಳಲ್ಲಿ ಉಳಿದುಬಿಡುತ್ತವೆ. ತೊಡೆ, ಎದೆ, ವಪೆ ಎಲ್ಲಕ್ಕೂ ಸಾಕಷ್ಟು ಮುಟ್ಟಿಸುವುದೇ ದೊಡ್ಡ ಸವಾಲು. ಸ್ನಾಯುಕೋಶದ ಮೇಲಿರುವ ಗ್ರಾಹಕಗಳನ್ನು ಹಿಡಿಯುವ ಪ್ರತಿಕಾಯಕ್ಕೋ ಕೊಬ್ಬಿನ ಅಣುವಿಗೋ ಈ ಎಳೆಯನ್ನು ಕಟ್ಟಿ ಕಳಿಸುವ ಪ್ರಯತ್ನಗಳು ನಡೆಯುತ್ತಿವೆ.

ನನಗೆ ಹೆಚ್ಚು ಭರವಸೆ ಇರುವುದು ಮಯೋಟಾನಿಕ್ ಡಿಸ್ಟ್ರೋಫಿ ಒಂದನೇ ಬಗೆಯ ವಿಷಯದಲ್ಲಿ. ಈ ರೋಗದಲ್ಲಿ ಒಂದು ಜೀನಿನ ಬಾಲದಲ್ಲಿ ಸಿ-ಟಿ-ಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತ, ಕೆಲವರಲ್ಲಿ ಸಾವಿರ ಸಲ ದಾಟುತ್ತದೆ. ಆ ಉದ್ದನೆಯ ಆರ್‌ಎನ್‌ಎ ಮಸಲ್‌ಬ್ಲೈಂಡ್ ಎಂಬ ಪ್ರೋಟೀನನ್ನು ಹೀರಿ ಹಿಡಿದುಕೊಳ್ಳುತ್ತದೆ. ಬೇರೆ ಕೆಲಸಗಳಿಗೆ ಆ ಪ್ರೋಟೀನ್ ಸಾಲದಾಗುತ್ತದೆ. ಮಿರ್-1 ಸರಿಯಾಗಿ ಕತ್ತರಿಸಿ ಬರಲೂ ಅದು ಬೇಕು, ಹಾಗಾಗಿ ರೋಗಿಗಳ ಹೃದಯದಲ್ಲಿ ಮಿರ್-1 ಕೂಡ ಇಳಿದಿರುತ್ತದೆ. ಇತ್ತ ಮಿರ್-23ಬಿ ಮತ್ತು ಮಿರ್-218 ಎಂಬೆರಡು ಮೈಕ್ರೋಆರ್‌ಎನ್‌ಎಗಳು ಮಸಲ್‌ಬ್ಲೈಂಡ್ ತಯಾರಿಕೆಯನ್ನು ಸಹಜವಾಗಿಯೇ ಮಿತಿಯಲ್ಲಿಡುತ್ತವೆ. ಆರೋಗ್ಯವಂತರಲ್ಲಿ ಅದು ಸರಿ. ಪ್ರೋಟೀನ್ ಮೊದಲೇ ಕೊರತೆಯಾಗಿರುವ ರೋಗಿಯಲ್ಲಿ ಆ ಮಿತಿ ಬೇಡ. ಸ್ಪೇನಿನ ವೆಲೆನ್ಸಿಯಾದ ಸಂಶೋಧಕರು ರೋಗದ ಇಲಿಗಳಲ್ಲಿ ಈ ಎರಡನ್ನೂ ಬೇರೆಬೇರೆಯಾಗಿ ತಡೆದರು. ಮಸಲ್‌ಬ್ಲೈಂಡ್ ಏರಿತು, ಎಳೆದ ಸ್ನಾಯು ಸಡಿಲವಾಗದೆ ಹಿಡಿದುಕೊಳ್ಳುವ ತೊಂದರೆ ತಗ್ಗಿತು. ಮಿರ್-23ಬಿ ತಡೆಯುವ ಔಷಧಿ ಈಗ ಮನುಷ್ಯರಲ್ಲಿ ಪರೀಕ್ಷೆಯ ಹಂತ ಮುಟ್ಟಿದೆ. ಇಲ್ಲಿ ಕೆಟ್ಟ ಜೀನನ್ನು ಯಾರೂ ಮುಟ್ಟುತ್ತಿಲ್ಲ. ರೋಗಿಯ ಮೈಯಲ್ಲಿ ಸರಿಯಾಗಿಯೇ ಇರುವ ಮಸಲ್‌ಬ್ಲೈಂಡ್ ಜೀನಿನ ಮೇಲಿನ ಕಡಿವಾಣವನ್ನು ಸ್ವಲ್ಪ ಸಡಿಲಿಸುತ್ತಿದ್ದಾರೆ, ಆ ಉದ್ದನೆಯ ಆರ್‌ಎನ್‌ಎ ಹೀರಿದ ಮೇಲೂ ಒಂದಷ್ಟು ಉಳಿಯಲಿ ಎಂದು.